ಇಪ್ಪತ್ತು ರೂಪಾಯಿಯ ಕಂದು, ಐನೂರು ರೂಪಾಯಿಯ ಕಂದು

ಅಕ್ಕನ ಮಗಳು ಫೋನ್ ಮಾಡಿದ್ದಳು. ಎಂಟನೇ ಕ್ಲಾಸು. ಊಟ ಆಯ್ತಾ ಮಾಮ, ಬೆಂಗಳೂರಲ್ಲಿ ಮಳೆನಾ ಮಾಮ ಅನ್ನೋ ಪೀಠಿಕೆ ಎಲ್ಲ ಮುಗಿಸಿ ಕೊನೆಗೆ ವಿಷಯಕ್ಕೆ ಬಂದಳು.

"ಮಾಮ, ಕಾಪಿಕ್ ಅಂತ ಮಾರ್ಕರ್ ಬರುತ್ತಲ್ಲ, ಅದ್ರಲ್ಲಿ ಬರೆದ್ರೆ ಬಣ್ಣ ಹೋಗಲ್ವಲ್ಲ?"

ಈ ಪ್ರಶ್ನೆಯ ಹಿಂದೆ ಒಂದು ಕತೆ ಇದೆ. ಎರಡು ವರ್ಷದ ಹಿಂದೆ ಅವಳ ಹುಟ್ಟುಹಬ್ಬಕ್ಕೆ ಆನ್‌ಲೈನಲ್ಲಿ 48 ಬಣ್ಣದ ಮಾರ್ಕರ್ ಸೆಟ್ ಒಂದನ್ನು ತರಿಸಿ ಕಳಿಸಿದ್ದೆ. ಸಾವಿರ ರೂಪಾಯಿಗೆ ನಲವತ್ತು ಕಮ್ಮಿ. ಅಂದರೆ ಒಂದಕ್ಕೆ ಇಪ್ಪತ್ತು ರೂಪಾಯಿ. ಕಪ್ಪು ಚೀಲ, ಎರಡು ತುದಿ, ನೋಡೋಕೆ ಭಾರಿ ಗತ್ತು. ಅದರಲ್ಲಿ ಅವಳು ನಮ್ಮಪ್ಪನ ಚಿತ್ರ ಬರೆದಳು. ತಿಪಟೂರು ಸೀಮೆಯ ನಮ್ಮ ಮನೆ ಹಿತ್ತಲಲ್ಲಿ ಹಾರೆ ನೆಟ್ಟುಕೊಂಡು ಕಾಯಿ ಸುಲಿಯುತ್ತಿರುವ ತಾತ. ಮೈಮೇಲೆ ಬನಿಯನ್ನು, ಹೆಗಲ ಮೇಲೆ ಕೆಂಪು ಟವಲು. ಮುಖ ಹೋಲುತ್ತಿತ್ತು ಅಂತ ಹೇಳಿದರೆ ಸುಳ್ಳಾಗುತ್ತೆ. ಆದರೆ ಬೆನ್ನು ಬಗ್ಗಿಸಿದ ರೀತಿ ಇತ್ತಲ್ಲ, ಅದು ಅಪ್ಪಂದೇ. ಹೋದ ವರ್ಷ ಅಪ್ಪ ಹೋದರು. ತಿಥಿ ಮುಗಿದ ಮೇಲೆ ಅಕ್ಕ ಆ ಚಿತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು. ಕಿಟಕಿ ಎದುರು. ಮಧ್ಯಾಹ್ನ ಮೂರರಿಂದ ಐದರವರೆಗೆ ಆ ಗೋಡೆಗೆ ನೇರ ಬಿಸಿಲು.

ದಸರಾ ರಜೆಗೆ ಹೋದಾಗ ನೋಡಿದೆ. ಟವಲಿನ ಕೆಂಪು ಹೋಗಿ ತೊಳೆದು ತೊಳೆದು ಹಳಸಾದ ಬಟ್ಟೆಯ ಹಾಗೆ ಆಗಿತ್ತು. ಮುಖದ ಕಂದು ಬಣ್ಣದಿಂದ ಯಾವುದೋ ಒಂದು ಅಂಶ ಎದ್ದು ಹೋಗಿ, ಉಳಿದಿದ್ದು ಹಳದಿ ಹಸಿರು ಮಿಶ್ರಿತ ಛಾಯೆ. ಕಾಮಾಲೆ ಬಂದವರ ಥರ. ಅಪ್ಪನಿಗೆ ಕೊನೆಗೆ ಹಾಗೇ ಆಗಿತ್ತು, ಹಾಗಾಗಿ ಮನೆಯಲ್ಲಿ ಯಾರೂ ಅದರ ಬಗ್ಗೆ ಬಾಯಿಬಿಟ್ಟು ಮಾತಾಡಲಿಲ್ಲ. ಹುಡುಗಿ ಮಾತ್ರ ಮನಸ್ಸಲ್ಲೇ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದಳು. ಪೆನ್ನು ಚೀಪು, ಅದಕ್ಕೇ ತಾತ ಹಿಂಗಾದರು. ದುಬಾರಿದು ಸಿಕ್ಕಿದರೆ ಇನ್ನೊಂದ್ಸಲ ಬರೀತೀನಿ.

"ನೋಡಿ ಹೇಳ್ತೀನಿ ಪುಟ್ಟಿ" ಅಂದು ಫೋನಿಟ್ಟೆ. ಒಂದು ಗಂಟೆ ಕೆಲಸ ಅಂದುಕೊಂಡಿದ್ದೆ, ನಾಲ್ಕು ತಿಂಗಳು ಹಿಡಿಯಿತು.

ಮೊದಲು ಎಲ್ಲರ ಹಾಗೆ ಯೂಟ್ಯೂಬ್ ವಿಮರ್ಶೆಗಳನ್ನು ನೋಡಿದೆ. ಅಗ್ಗದ್ದು ವರ್ಸಸ್ ದುಬಾರಿದು ಅಂತ ರಾಶಿ ರಾಶಿ ಬಿದ್ದಿವೆ. ಎಲ್ಲವೂ ಒಂದೇ ಅಚ್ಚು. ಡಬ್ಬಿ ಬಿಚ್ಚುತ್ತಾರೆ, ಒಂದೇ ಹುಡುಗಿಯ ಮುಖವನ್ನು ಎರಡು ಸಲ ಬರೆಯುತ್ತಾರೆ, ಪಕ್ಕಪಕ್ಕ ಇಡುತ್ತಾರೆ, ಯಾವುದು ಯಾವುದು ಅಂತ ಹೇಳಿ ನೋಡೋಣ ಅಂತ ನಮ್ಮನ್ನೇ ಕೇಳುತ್ತಾರೆ. ಹೇಳೋಕೆ ಆಗಲ್ಲ. ಯಾಕೆಂದರೆ ಬರೆಯುತ್ತಿರುವವರ ಕೈ ಇಪ್ಪತ್ತು ವರ್ಷ ಪಳಗಿದ ಕೈ. ಅವರ ಕೈಗೆ ಒಲೆಯ ಇದ್ದಿಲು ಕೊಟ್ಟರೂ ಚೆಂದವಾಗೇ ಬರೆಯುತ್ತಾರೆ. ಈ ವಿಮರ್ಶೆಗಳೆಲ್ಲ ಪೆನ್ನು ಮನೆಗೆ ಬಂದ ದಿನವೇ ಮುಗಿದು ಹೋಗುತ್ತವೆ. ನಮ್ಮ ಆಫೀಸಲ್ಲಿ ಡೆಮೋ ದಿನ ಎಲ್ಲ ಕೋಡೂ ಓಡುತ್ತೆ ನೋಡಿ, ಆ ಥರ. ಎರಡು ವರ್ಷ ಆದ ಮೇಲೆ ಆ ಹಾಳೆ ಏನಾಯಿತು ಅಂತ ತೋರಿಸಿದ ಒಂದು ವಿಡಿಯೋವೂ ನನ್ನ ಕಣ್ಣಿಗೆ ಬೀಳಲಿಲ್ಲ. ನನ್ನ ಸೊಸೆ ಕೇಳುತ್ತಿದ್ದುದು ಅದನ್ನೊಂದೇ.

ಸರಿ, ನಾನೇ ನೋಡೋಣ ಅಂತ ಹೊರಟೆ. ಸಂಬಳದ ವಾರ ಧೈರ್ಯ ಮಾಡಿ ಬಿಡಿಬಿಡಿಯಾಗಿ ಆರು ದುಬಾರಿ ಮಾರ್ಕರ್ ತಂದೆ. ಎರಡು ಕಂದು, ಎರಡು ಬೂದು, ಒಂದು ಹಸಿರು, ಒಂದು ಕೆಂಪು. ಮೂರು ಸಾವಿರದ ಚಿಲ್ಲರೆ. ಹೆಂಡತಿಗೆ ಬೆಲೆ ಹೇಳಲಿಲ್ಲ, ಈಗ ಓದಿ ತಿಳಿದುಕೊಳ್ಳುತ್ತಾಳೆ. ಅಗ್ಗದ ಸೆಟ್ಟೂ ಇನ್ನೊಂದು ತರಿಸಿದೆ, ಸೊಸೆಗೆ ಕಳಿಸಿದ್ದೇ ಮಾದರಿ.

ನಮ್ಮ ಕಾಲದ ಸ್ಕೆಚ್ ಪೆನ್ನಿಂದ ಶುರು ಮಾಡಿದರೆ ವಿಷಯ ಬೇಗ ತಿಳಿಯುತ್ತೆ. ಹನ್ನೆರಡರ ಪ್ಯಾಕೆಟ್ಟು. ನಮ್ಮ ಹೈಸ್ಕೂಲಲ್ಲಿ ಒಂದು ಪ್ಯಾಕೆಟ್ಟು ಮೂರು ಜನಕ್ಕೆ. ಅದರದ್ದು ನೀರಿನ ಶಾಯಿ. ಒಣಗಿದರೆ ಹಿಂದಿನ ಬಿರಡೆಯನ್ನು ಹಲ್ಲಲ್ಲಿ ಕಚ್ಚಿ ಕಿತ್ತು ಎರಡು ಹನಿ ನೀರು ಬಿಟ್ಟು ಒದರುತ್ತಿದ್ದೆವು. ಜೀವ ಬರುತ್ತಿತ್ತು, ಆದರೆ ಕೆಂಪು ಇದ್ದದ್ದು ಗುಲಾಬಿ ಆಗಿರುತ್ತಿತ್ತು. ಬಣ್ಣ ತೀರಿತ್ತು, ನಾವು ಸೇರಿಸಿದ್ದು ನೀರು ಮಾತ್ರ. ಒಂದೇ ಜಾಗಕ್ಕೆ ಎರಡು ಸಲ ಉಜ್ಜಿದರೆ ಕಾಗದ ನೆನೆದು ಪುಡಿಪುಡಿ ಏಳುತ್ತಿತ್ತು. ಅದಕ್ಕೇ ಸ್ಕೆಚ್ ಪೆನ್ನಲ್ಲಿ ಬರೆದ ಆಕಾಶ ಯಾವತ್ತಿದ್ದರೂ ಗೀಟು ಗೀಟು.

ಈಗಿನ ಆರ್ಟ್ ಮಾರ್ಕರ್‌ಗಳಲ್ಲಿ ನೀರಿನ ಬದಲು ಆಲ್ಕೋಹಾಲ್. ಇದೇ ಮುಖ್ಯ ವ್ಯತ್ಯಾಸ. ಅದು ಬೇಗ ಆರುತ್ತೆ, ಕಾಗದದ ಮೈ ಕೆಡಿಸಲ್ಲ. ಒಣಗಿದ ಬಣ್ಣದ ಮೇಲೆ ಇನ್ನೊಂದು ಬಣ್ಣ ಎಳೆದರೆ ಹೊಸ ಆಲ್ಕೋಹಾಲ್ ಕೆಳಗಿನದನ್ನು ಮತ್ತೆ ಕರಗಿಸುತ್ತೆ, ಎರಡೂ ಬೆರೆತು ಗೆರೆಯೇ ಕಾಣದ ಹಾಗೆ ಒಂದಾಗುತ್ತವೆ. ಎಲ್ಲರೂ ಬ್ಲೆಂಡಿಂಗ್ ಬ್ಲೆಂಡಿಂಗ್ ಅಂತ ಹೇಳೋದು ಇದನ್ನೇ. ಮುಖ್ಯವಾದ ಮಾತು ಅಂದರೆ ಈ ಗುಣ ಇಪ್ಪತ್ತು ರೂಪಾಯಿಯದಕ್ಕೂ ಇದೆ, ಐನೂರರದಕ್ಕೂ ಇದೆ. ರಸಾಯನದ ಮಟ್ಟದಲ್ಲಿ ಎರಡೂ ಒಂದೇ ಜಾತಿ.

ಹಾಗಾದರೆ 25 ಪಟ್ಟು ಬೆಲೆ ಯಾತಕ್ಕೆ?

ನಾನು ಇಟ್ಟ ಪರೀಕ್ಷೆ ಒಂದು ತೆಂಗಿನ ಗರಿ. ಬಿಸಿಲು ಬಿದ್ದ ಕಡೆ ತಿಳಿ ಹಸಿರು, ಮಡಿಕೆಯ ಕಡೆ ಕಡು ಹಸಿರು, ತುದಿ ಒಣಗುತ್ತ ಕಂದು. ಅಗ್ಗದ ಸೆಟ್ಟಲ್ಲಿ ಏಳು ಹಸಿರು ಇದ್ದವು. ಏಳು ಅಂದರೆ ಸಾಕಲ್ಲ ಅನ್ನಿಸುತ್ತೆ. ಆದರೆ ಅದರಲ್ಲಿ ಎರಡು ರೇಡಿಯಂ ಹಸಿರು, ಒಂದು ಗಣಪತಿ ಪೆಂಡಾಲಿನ ಬಟ್ಟೆಯ ಹಸಿರು, ಒಂದು ಆಸ್ಪತ್ರೆ ಪರದೆಯದ್ದು. ಒಂದಕ್ಕೊಂದು ನೆಂಟಸ್ತಿಕೆಯೇ ಇಲ್ಲ. ತಿಳಿಯಿಂದ ಕಡುವಿಗೆ ಇಳಿಯೋಕೆ ನಡುವೆ ಮೆಟ್ಟಿಲು ಬೇಕು, ಇಲ್ಲಿ ನೇರ ಅಟ್ಟದಿಂದ ನೆಲಕ್ಕೆ ಹಾರಬೇಕು. ನನ್ನ ಗರಿ ಪ್ಲಾಸ್ಟಿಕ್ ಗರಿ ಆಯಿತು. ಬೆರೆಯುವ ಶಕ್ತಿ ಶಾಯಿಗಿತ್ತು, ಅದರ ಪಕ್ಕದಲ್ಲಿ ಬೆರೆಯೋಕೆ ಬಣ್ಣವೇ ಇರಲಿಲ್ಲ.

ಕಾಪಿಕ್‌ನ ನಿಜವಾದ ಸಾಮರ್ಥ್ಯ ನನಗೆ ಕಂಡದ್ದು ಇಲ್ಲಿ. ಅವರ ಸ್ಕೆಚ್ ಮಾದರಿಯಲ್ಲಿ 358 ಬಣ್ಣ ಇವೆ. ಆ ಸಂಖ್ಯೆಗಿಂತ ಅವನ್ನು ಜೋಡಿಸಿಟ್ಟ ಕ್ರಮ ದೊಡ್ಡದು. ಪ್ರತಿ ಪೆನ್ನಿಗೆ ಒಂದು ಅಕ್ಷರ, ಹಿಂದೆ ಅಂಕಿ. ಇ33 ಅಂದರೆ ಇ ಮಣ್ಣಿನ ಬಣ್ಣಗಳ ಕುಟುಂಬ. ಮೊದಲ 3 ಆ ಬಣ್ಣ ಎಷ್ಟು ಗಾಢ, ಎಷ್ಟು ಬೂದು ಅಂತ ಹೇಳುತ್ತೆ. ಕೊನೆಯ 3 ಎಷ್ಟು ತಿಳಿ, ಎಷ್ಟು ಕಡು ಅಂತ. ಕೊನೆಯ ಅಂಕಿ ಎರಡು ಮೂರು ಹೆಚ್ಚಿರುವ ಅದೇ ಕುಟುಂಬದ ಪೆನ್ನು ಆರಿಸಿದರೆ ಕಣ್ಣುಮುಚ್ಚಿ ಬೆರೆಸಬಹುದು. ಹೆಸರಿಡುವ ಪದ್ಧತಿ ಇಷ್ಟು ಶಿಸ್ತಾಗಿದ್ದರೆ ಅರ್ಧ ಕೆಲಸ ಆದಂತೆ ಅನ್ನೋದು ಕೋಡ್ ಬರೆಯುವ ಯಾರಿಗಾದರೂ ಗೊತ್ತು. ಅಗ್ಗದ ಸೆಟ್ಟಿನಲ್ಲೂ ಕ್ಯಾಪ್ ಮೇಲೆ ಅಂಕಿ ಇದ್ದವು, ಅದಕ್ಕೆ ಏನರ್ಥ ಅಂತ ಬಹುಶಃ ಅಚ್ಚು ಹಾಕಿದವರಿಗೂ ಗೊತ್ತಿರಲಿಲ್ಲ. ಕ್ಯಾಪಿನ ಬಣ್ಣಕ್ಕೂ ಶಾಯಿಗೂ ಸಂಬಂಧ ಇರಲಿಲ್ಲ. ಒಂದು ಬೂದು ಕ್ಯಾಪಿನ ಪೆನ್ನು ನೇರಳೆ ಬರೆಯಿತು. ಮೊದಲ ದಿನವೇ ಒಂದು ಹಾಳೆಯಲ್ಲಿ 48 ಚೌಕ ಹಾಕಿ ಪ್ರತಿಯೊಂದನ್ನೂ ತುಂಬಿ ನಂಬರ್ ಬರೆದು ಇಟ್ಟುಕೊಳ್ಳದಿದ್ದರೆ ಇಂಥ ಸೆಟ್ಟು ಕತ್ತಲಲ್ಲಿ ಕಾಯಿ ಎಣಿಸಿದ ಹಾಗೆ.

ಇನ್ನೊಂದು ವಿಷಯದಲ್ಲಿ ಅಗ್ಗದ ಸೆಟ್ಟಿನ ಮೇಲೆ ನನಗೆ ನಿಜವಾಗಿ ಸಿಟ್ಟು ಬಂತು. 48 ಬಣ್ಣದಲ್ಲಿ ಒಂಬತ್ತು ಗುಲಾಬಿ, ನಾಲ್ಕು ರೇಡಿಯಂ, ಮುಖಕ್ಕೆ ಅಂತ ಎರಡು ಪೀಚ್. ಕಂದು ಎಷ್ಟು? ಮೂರು. ಒಂದು ಇಟ್ಟಿಗೆ, ಒಂದು ಚಾಕೊಲೇಟು, ಒಂದು ಹೆಚ್ಚುಕಡಿಮೆ ಕಪ್ಪು. ಹಿತ್ತಲಲ್ಲಿ ಮೂವತ್ತು ನಲವತ್ತು ವರ್ಷ ಬಿಸಿಲಲ್ಲಿ ಕಾಯಿ ಸುಲಿದ ಮನುಷ್ಯನ ಮುಖವನ್ನು ಯಾವುದರಲ್ಲಿ ಬರೆಯೋದು? ಸೊಸೆ ಪೀಚ್ ಮೇಲೆ ಗುಲಾಬಿ, ಅದರ ಮೇಲೆ ಇಟ್ಟಿಗೆ ಬಣ್ಣ ಎಳೆದು ಎಳೆದು ತಾತನ ಮೈಬಣ್ಣ ತಂದಿದ್ದಳು. ಹನ್ನೊಂದು ವರ್ಷದ ಹುಡುಗಿ ತಾನೇ ಕಂಡುಕೊಂಡ ಉಪಾಯ. ಬಿಸಿಲಿಗೆ ಆ ಗುಲಾಬಿ ಮೊದಲು ಹೋಯಿತು, ಅದಕ್ಕೇ ತಾತನಿಗೆ ಕಾಮಾಲೆ ಬಂತು. ದುಬಾರಿ ಪೆನ್ನಿನ ಒಂದೇ ಕಂದು, ಮೇಲೆ ಅದರದ್ದೇ ಕುಟುಂಬದ ಇನ್ನೊಂದು, ಎರಡು ನಿಮಿಷದಲ್ಲಿ ನಮ್ಮೂರ ಮುಖ ಬಂತು. ಬಿಸಿಲು ಬಿದ್ದ ಹಣೆ, ನೆರಳಾದ ಕೆನ್ನೆ. ಒಪ್ಪಲೇಬೇಕು, ಅಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನಿಬ್ಬಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದುಬಾರಿಯದರ ಕುಂಚದ ತುದಿ ಮೆತ್ತಗೆ ಬಾಗಿ ಮತ್ತೆ ನೆಟ್ಟಗಾಗುತ್ತೆ, ಸವೆದರೆ ಕಿತ್ತು ಬೇರೆ ಹಾಕಬಹುದು. ಅಗ್ಗದ್ದರ ತುದಿ ಗಟ್ಟಿ, ಒಂದು ತಿಂಗಳಿಗೆ ಅಂಚು ಬಿಚ್ಚಿಕೊಳ್ಳುತ್ತೆ. ಗೆರೆ ಎಳೆಯುವವರಿಗೆ ಇದು ದೊಡ್ಡ ವ್ಯತ್ಯಾಸ. ನನ್ನಂತೆ ತುಂಬುವವರಿಗೆ ಅಷ್ಟಿಲ್ಲ.

ಯಾರೂ ಮಾತಾಡದ ವಿಷಯ ಕಾಗದ. ಮೊದಲ ವಾರ ನಾನು ಆಫೀಸ್ ಪ್ರಿಂಟರಿನ 75 ಜಿಎಸ್‌ಎಂ ಎ4 ಹಾಳೆಯಲ್ಲಿ ಪರೀಕ್ಷೆ ಮಾಡಿದೆ. ಅದರಲ್ಲಿ ದುಬಾರಿ ಪೆನ್ನೇ ಸೋತಿತು! ಅದರ ಶಾಯಿ ಧಾರಾಳ ಹರಿಯುತ್ತೆ, ತೆಳು ಹಾಳೆಯಲ್ಲಿ ಗೆರೆ ದಾಟಿ ಹಬ್ಬಿ, ಹಿಂದಕ್ಕೂ ಇಳಿದು, ಕೆಳಗಿದ್ದ ಟೇಬಲ್ಲಿಗೂ ಮಚ್ಚೆ ಹಾಕಿತು. ಜಿಪುಣ ಅಗ್ಗದ ಪೆನ್ನು ಗೆರೆಯೊಳಗೇ ನಿಂತಿತು. ಆಮೇಲೆ ದಪ್ಪನೆಯ ನುಣುಪು ಹಾಳೆಯ ಪ್ಯಾಡು ತಂದೆ. ಅದರ ಮೇಲೆ ಇಪ್ಪತ್ತು ರೂಪಾಯಿಯ ಪೆನ್ನು ಎಂಥ ಅಂದವಾಗಿ ಬರೆಯಿತು ಅಂತೀರಿ. ಪೆನ್ನು ಬದಲಿಸಿದ್ದಕ್ಕಿಂತ ಹಾಳೆ ಬದಲಿಸಿದ್ದರಿಂದ ಆದ ಲಾಭ ಹೆಚ್ಚು. ಮೂರು ಸಾವಿರ ಖರ್ಚಾದ ಮೇಲೆ ಗೊತ್ತಾಗಿದ್ದು.

ಇನ್ನು ಸೊಸೆಯ ಪ್ರಶ್ನೆ.

ಮಾರ್ಕರ್ ಶಾಯಿಯಲ್ಲಿರೋದು ಡೈ, ಅಂದರೆ ಪೂರ್ತಿ ಕರಗಿದ ಬಣ್ಣ. ಬಟ್ಟೆಗೆ ಹಾಕುತ್ತಾರಲ್ಲ, ಆ ಜಾತಿ. ಜಲವರ್ಣ, ಎಣ್ಣೆವರ್ಣಗಳಲ್ಲಿರೋದು ಪಿಗ್ಮೆಂಟ್, ಅಂದರೆ ಕರಗದೆ ತೇಲುವ ನುಣ್ಣನೆ ಪುಡಿ. ಪುಡಿಯ ಕಣದ ಮೇಲ್ಮೈ ಬಿಸಿಲಿಗೆ ಸುಟ್ಟರೂ ಒಳಗೆ ಇನ್ನಷ್ಟು ಬಣ್ಣ ಉಳಿದಿರುತ್ತೆ. ಕರಗಿದ ಬಣ್ಣಕ್ಕೆ ಒಳಗು ಹೊರಗು ಅನ್ನೋದೇ ಇಲ್ಲ, ಒಂದೊಂದು ಅಣುವೂ ಬಯಲಲ್ಲಿ ನಿಂತಿರುತ್ತೆ. ಬೆಳಕು ಬಿದ್ದ ಹಾಗೆ ಮುರಿಯುತ್ತಾ ಹೋಗುತ್ತೆ. ಇದು ಅಗ್ಗದ್ದಕ್ಕೂ ಅಷ್ಟೇ, ದುಬಾರಿಗೂ ಅಷ್ಟೇ. ಕಾಪಿಕ್ ಕಂಪನಿಯವರೇ ತಮ್ಮದು ಡೈ ಶಾಯಿ, ಬೆಳಕಿಗೆ ಮಾಸುತ್ತೆ ಅಂತ ಹೇಳುತ್ತಾರೆ. ಬಚ್ಚಿಟ್ಟಿಲ್ಲ. ಕೇಳುವವರು ಕಮ್ಮಿ ಅಷ್ಟೆ.

ಆದರೂ ಕಣ್ಣಾರೆ ನೋಡೋಣ ಅಂತ ಒಂದು ಹಾಳೆಯಲ್ಲಿ ಎರಡೂ ಬಗೆಯ ಬಣ್ಣದ ಪಟ್ಟಿ ಎಳೆದು, ಅರ್ಧಕ್ಕೆ ರಟ್ಟು ಮುಚ್ಚಿ, ನಮ್ಮ ಫ್ಲಾಟಿನ ಪಶ್ಚಿಮದ ಕಿಟಕಿಗೆ ಅಂಟಿಸಿದೆ. ಫೆಬ್ರವರಿಯಿಂದ ಮೇ ತನಕ. ತೆಗೆದು ನೋಡಿದರೆ ಅಗ್ಗದ ರೇಡಿಯಂ ಬಣ್ಣಗಳು ಇದ್ದವು ಅನ್ನೋದಕ್ಕೆ ಸಾಕ್ಷಿ ರಟ್ಟಿನಡಿ ಇದ್ದ ಅರ್ಧ ಮಾತ್ರ. ಗುಲಾಬಿ, ನೇರಳೆ ಅರೆಜೀವ. ದುಬಾರಿಯದರಲ್ಲಿ ಬೂದು ಬಣ್ಣಗಳು ಸುಮಾರಾಗಿ ತಡೆದಿದ್ದವು, ಕೆಂಪು ಮಾತ್ರ ಸ್ಪಷ್ಟವಾಗಿ ತಿಳಿಯಾಗಿತ್ತು, ರಟ್ಟಿನ ಅಂಚು ಗೆರೆ ಹೊಡೆದ ಹಾಗೆ ಕಾಣುತ್ತಿತ್ತು. ವ್ಯತ್ಯಾಸ ಇಲ್ಲ ಅಂತ ಹೇಳಲಾರೆ. ಆದರೆ ಒಂದು ನಿಧಾನ, ಒಂದು ಬೇಗ. ಎರಡೂ ಹೋಗುವುದು ಅದೇ ದಾರಿಯಲ್ಲಿ.

ಇಷ್ಟು ದುಡ್ಡು ತಗೊಂಡು ಇಷ್ಟೂ ಮಾಡಬಾರದಾ ಅಂತ ಮೊದಲು ಅನ್ನಿಸಿತು. ಆಮೇಲೆ ಈ ಪೆನ್ನು ಯಾರಿಗೆ ಅಂತ ಹುಟ್ಟಿದ್ದು ಅಂತ ಓದಿದಾಗ ಸಿಟ್ಟು ಇಳಿಯಿತು. ಜಪಾನಿನ ಟೂ ಅನ್ನುವ ಕಂಪನಿ ಕಾಪಿಕ್ ತಂದದ್ದು 1987ರಲ್ಲಿ. ಆಗ ಡಿಸೈನರ್‌ಗಳು ತಮ್ಮ ಗೆರೆಚಿತ್ರವನ್ನು ಝೆರಾಕ್ಸ್ ಮಾಡಿಸಿ, ಆ ಪ್ರತಿಯ ಮೇಲೆ ಬಣ್ಣ ಹಾಕುತ್ತಿದ್ದರು. ಮಾರ್ಕರ್ ಎಳೆದರೆ ಝೆರಾಕ್ಸಿನ ಕಪ್ಪು ಟೋನರ್ ಕರಗಿ ಕಲೆಸಿಹೋಗುವುದು ತೊಂದರೆ. ಟೋನರ್ ಕರಗಿಸದ ಶಾಯಿ ಇವರದ್ದು. ಕಾಪಿ ಅನ್ನೋದರಿಂದಲೇ ಕಾಪಿಕ್ ಅನ್ನೋ ಹೆಸರು. ಆಮೇಲೆ ಮಂಗಾ ಬರೆಯುವವರ ಕೈಗೆ ಹೋಯಿತು. ಡಿಸೈನರ್‌ನ ಚಿತ್ರ ಮೀಟಿಂಗ್ ಮುಗಿಯುವವರೆಗೆ ಇದ್ದರೆ ಸಾಕು, ಮಂಗಾದವರ ಚಿತ್ರ ಅಚ್ಚಿಗೆ ಹೋಗುವವರೆಗೆ ಸಾಕು. ಬೇಕಾಗಿದ್ದು ವೇಗ, ನುಣುಪು, ಮತ್ತೆ ನಾಳೆ ಕೊಂಡರೂ ಅದೇ ಬಣ್ಣ ಸಿಗುವ ಭರವಸೆ. ಆ ಮೂರನ್ನೂ ಅದು ಕೊಡುತ್ತೆ. ನಡುಮನೆಯ ಗೋಡೆ ಮೇಲೆ ತಾತನನ್ನು ಇಪ್ಪತ್ತು ವರ್ಷ ಇಟ್ಟುಕೊಳ್ಳೋದು ಅದರ ಕೆಲಸದ ಪಟ್ಟಿಯಲ್ಲೇ ಇರಲಿಲ್ಲ. ಅಂದರೆ ಸೊಸೆ ಕೇಳಬೇಕಿದ್ದದ್ದು ಬೆಲೆಯ ಪ್ರಶ್ನೆ ಅಲ್ಲ, ಜಾತಿಯ ಪ್ರಶ್ನೆ. ಬಣ್ಣದ ಜಾತಿ, ತಪ್ಪು ತಿಳಿಯಬೇಡಿ.

ಮಾಸದ ಬಗೆಯ ಪೆನ್ನೂ ಇವೆ. ಫೇಬರ್ ಕ್ಯಾಸೆಲ್‌ನ ಪಿಟ್ ಆರ್ಟಿಸ್ಟ್ ಪೆನ್ನಲ್ಲಿರೋದು ಪಿಗ್ಮೆಂಟ್ ಶಾಯಿ, ಬೆಳಕಿಗೆ ತಡೆಯುತ್ತೆ, ಕಾಪಿಕ್‌ಗಿಂತ ಅಗ್ಗ. ಆದರೆ ಅದು ಒಂದ್ಸಲ ಆರಿತೆಂದರೆ ಆರಿತು. ಮೇಲೆ ಇನ್ನೊಂದು ಎಳೆದರೆ ಕೆಳಗಿನದು ಕರಗಿ ಬೆರೆಯಲ್ಲ, ಒಂದರ ಮೇಲೊಂದು ಕೂರುತ್ತೆ. ಮಾರ್ಕರಿನ ಆ ಮಂಜಿನಂಥ ಇಳಿಜಾರು ಸಿಗಲ್ಲ. ಬೆರೆಯುವ ಸುಖ ಬೇಕೋ, ಉಳಿಯುವ ಭರವಸೆ ಬೇಕೋ, ಒಂದನ್ನು ಆರಿಸಿಕೊಳ್ಳಬೇಕು. ಎರಡನ್ನೂ ಕೊಡುವ ಪೆನ್ನು ಈವರೆಗೆ ನನ್ನ ಕೈಗೆ ಬಂದಿಲ್ಲ.

ದುಡ್ಡಿನ ಲೆಕ್ಕ ಹೇಳದಿದ್ದರೆ ನೀವು ಬಿಡಲ್ಲ, ನಾವೆಲ್ಲ ಇಎಂಐ ಕಟ್ಟೋ ಜನ. ದುಬಾರಿ ಮಾರ್ಕರಿಗೆ ಶಾಯಿ ತುಂಬಿಸಬಹುದು. 12 ಎಂಎಲ್‌ನ ಬಾಟಲಿ ಸಿಗುತ್ತೆ, ಒಂದು ಬಾಟಲಿಯಲ್ಲಿ ಹಲವು ಸಲ ತುಂಬಬಹುದು. ಹೊರಗಿನ ಪ್ಲಾಸ್ಟಿಕ್ ಒಂದು ಸಲ ಕೊಂಡರೆ ಜೀವಮಾನಕ್ಕಾಯಿತು. ಅಗ್ಗದ್ದು ತೀರಿದರೆ ಕಸಕ್ಕೆ. (ತೀರಿದ ಒಂದಕ್ಕೆ ಕೊರೊನಾ ಕಾಲದಲ್ಲಿ ಉಳಿದಿದ್ದ ಸ್ಯಾನಿಟೈಸರ್ ಎರಡು ಹನಿ ಬಿಟ್ಟು ನೋಡಿದೆ, ಹಲ್ಲಲ್ಲಿ ಬಿರಡೆ ಕಿತ್ತು. ಬರೆಯಿತು. ಬಣ್ಣ ಅದೇ ಹಳೇ ಸ್ಕೆಚ್ ಪೆನ್ನಿನ ಕತೆ.) ಹಾಗಾಗಿ ದೀರ್ಘಕಾಲದಲ್ಲಿ ದುಬಾರಿಯದೇ ಅಗ್ಗ ಅಂತ ಒಂದು ವಾದ ಇದೆ. ವಾದ ಸರಿಯಾದದ್ದೇ, ಪೆನ್ನನ್ನು ಖಾಲಿ ಮಾಡುವವರಿಗೆ. ಈ ನಾಲ್ಕು ತಿಂಗಳಲ್ಲಿ ನಾನು ಖಾಲಿ ಮಾಡಿದ್ದು ಒಂದೇ ಒಂದು ಪೆನ್ನು, ಅಗ್ಗದ ಸೆಟ್ಟಿನ ಬೂದು. ನೆರಳೆಲ್ಲ ಅದರದ್ದೇ. ದುಬಾರಿಯವು ಆರೂ ಇನ್ನೂ ತುಂಬಿ ತುಳುಕುತ್ತಿವೆ.

ಯಾಕೆ ಗೊತ್ತಾ? ಕೈ ಹೋಗಲ್ಲ. ಅದನ್ನು ತೆಗೆದರೆ ಮೊದಲು ಪೆನ್ಸಿಲಲ್ಲಿ ಸರಿಯಾಗಿ ಬರೆದುಕೊಳ್ಳೋಣ ಅನ್ನಿಸುತ್ತೆ, ಆಮೇಲೆ ಒಳ್ಳೇ ಹಾಳೆ ಇರಲಿ ಅನ್ನಿಸುತ್ತೆ, ಆಮೇಲೆ ಭಾನುವಾರ ನೋಡೋಣ ಅನ್ನಿಸುತ್ತೆ. ನಮ್ಮಮ್ಮ ಹೊಸ ರೇಷ್ಮೆ ಸೀರೆಯನ್ನು ಬೀರುವಿನಲ್ಲಿಟ್ಟು ಹದಿನೈದು ವರ್ಷ ನೋಡಿದ ಹಾಗೆ. ಬಡತನದಲ್ಲಿ ಬೆಳೆದ ಕೈಗೆ ಒಳ್ಳೆಯ ಸಾಮಾನು ಸಿಕ್ಕರೆ ಬಳಸೋದಕ್ಕಿಂತ ಉಳಿಸೋದೇ ಅಭ್ಯಾಸ. ಅಗ್ಗದ ಸೆಟ್ಟು ಮಾತ್ರ ಊಟದ ಟೇಬಲ್ಲಿನ ಮೇಲೇ ಬಿದ್ದಿರುತ್ತೆ, ಕಾಲ್ ಮಧ್ಯೆ ಮ್ಯೂಟ್ ಮಾಡಿಕೊಂಡು ಗೀಚುತ್ತಿರುತ್ತೇನೆ. ನನ್ನ ಕೈ ಸ್ವಲ್ಪವಾದರೂ ಸುಧಾರಿಸಿದ್ದರೆ ಅದರಿಂದ. ಸೊಸೆ ಎರಡು ವರ್ಷದಲ್ಲಿ ಆ ಸೆಟ್ಟಿನ ಇಪ್ಪತ್ತು ಪೆನ್ನು ತೀರಿಸಿದ್ದಾಳಂತೆ. ನಾನು ಮೊದಲೇ ದುಬಾರಿಯ ಆರು ಕೊಟ್ಟಿದ್ದರೆ ಅಕ್ಕ ಅದನ್ನು ಬೀರುವಿಗೆ ಹಾಕಿ ಬೀಗ ಹಾಕುತ್ತಿದ್ದಳು, ಆ ತಾತನ ಚಿತ್ರ ಹುಟ್ಟುತ್ತಲೇ ಇರಲಿಲ್ಲ. ಹಾಗಾಗಿ ಅಗ್ಗದ ಪೆನ್ನನ್ನು ಹೀಗಳೆಯೋಕೆ ನನಗೆ ಬಾಯಿ ಬರಲ್ಲ, ಮೂರೇ ಕಂದು ಇಟ್ಟಿದ್ದಕ್ಕೆ ಬಿಟ್ಟು.

ಜೂನಲ್ಲಿ ಊರಿಗೆ ಹೋದಾಗ ಕಿಟಕಿಗೆ ಅಂಟಿಸಿದ್ದ ಹಾಳೆಯನ್ನೇ ಒಯ್ದು ತೋರಿಸಿದೆ. ಹುಡುಗಿ ರಟ್ಟು ಎತ್ತಿ, ಮುಚ್ಚಿ, ಎತ್ತಿ ನೋಡಿದಳು. "ದುಬಾರಿದೂ ಹೋಗುತ್ತಾ?" ಅಂದಳು. ಹೋಗುತ್ತೆ ಅಂದೆ. ಮುಖ ಸಣ್ಣದಾಯಿತು. ಅವಳಿಗೆ ಅಂತ ಪಿಗ್ಮೆಂಟಿನ ನಾಲ್ಕು ಪೆನ್ನು, ನನ್ನ ಆರರಿಂದ ಎರಡು ಕಂದು ಒಯ್ದಿದ್ದೆ. ಕಂದು ಎರಡನ್ನು ತಗೊಂಡಳು. ಪಿಗ್ಮೆಂಟಿನದರಲ್ಲಿ ಒಂದು ಗೆರೆ ಎಳೆದು, ಬೆರೆಸೋಕೆ ನೋಡಿ, ಆಗದೆ, "ಇದು ಬ್ಯಾಡ ಮಾಮ, ಇದ್ರಲ್ಲಿ ತಾತನ ಕೆನ್ನೆ ಬರಲ್ಲ" ಅಂತ ವಾಪಸ್ ಕೊಟ್ಟಳು. ಮತ್ತೆ ಹೋಗುತ್ತಲ್ಲೇ ಅಂದರೆ, ಹೋದರೆ ಇನ್ನೊಂದ್ಸಲ ಬರೀತೀನಿ ಬಿಡು ಅಂದಳು.

ಹಳೇ ಚಿತ್ರವನ್ನು ನಾನು ಕಟ್ಟು ಬಿಚ್ಚಿಸಿ ತಿಪಟೂರಲ್ಲಿ ಸ್ಕ್ಯಾನ್ ಮಾಡಿಸಿ ಇಟ್ಟುಕೊಂಡಿದ್ದೇನೆ, ಕಾಮಾಲೆಯ ಬಣ್ಣ ಸಮೇತ. ಅಕ್ಕ ಅದನ್ನು ಈಗ ನಡುಮನೆಯಿಂದ ತೆಗೆದು ಒಳಕೋಣೆಯ ಗೋಡೆಗೆ ಹಾಕಿದ್ದಾಳೆ. ಅಲ್ಲಿ ಕಿಟಕಿ ಇಲ್ಲ, ಬಿಸಿಲು ಬರೋ ಮಾತೇ ಇಲ್ಲ. ಕರೆಂಟು ಹೋದರೆ ತಾತನೂ ಕಾಣಲ್ಲ.